ತೊಂಬತ್ತು ದಿನದ ಕೀರ್ತಿ

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ, ಬಂಗಾರಪೇಟೆಯ ಪಾನಿಪುರಿ ಗಾಡಿಯ ಮುಂದೆ, ಮಾರಿಕುಪ್ಪಂ ಸ್ಟೇಷನ್ನಿನ ಬೆಂಚಿನ ಮೇಲೆ, ಎಲ್ಲೇ ಆಗಲಿ ಕಾರಿನ ಇನ್ಶೂರೆನ್ಸಿನ ಮಾತು ಬಂತೆಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಮುಗಿದ್ರೇನಂತೆ, ತೊಂಬತ್ತು ದಿನ ಟೈಮ್ ಇದೆ." ಹೇಳುವವರ ದನಿಯಲ್ಲಿ ಒಳಗುಟ್ಟು ಬಲ್ಲವರ ಗತ್ತಿರುತ್ತದೆ, ಕೇಳುವವರ ಮುಖದಲ್ಲಿ ನೆಮ್ಮದಿ. ವಾಹನ ವಿಮೆಯ ಸಾಹಿತ್ಯದಲ್ಲಿ ಇಷ್ಟು ಹೊಗಳಿಸಿಕೊಂಡ, ಇಷ್ಟು ತಪ್ಪಾಗಿ ಓದಿಸಿಕೊಂಡ ಇನ್ನೊಂದು ನಿಯಮ ನನಗೆ ಗೊತ್ತಿಲ್ಲ. ಸಾಹಿತ್ಯ ಎಂದು ಬೇಕೆಂದೇ ಬರೆದೆ. ಪಾಲಿಸಿಯೂ ಒಂದು ಪಠ್ಯವೇ. ಒಂದು ಪದದ ಅರ್ಥಕ್ಕೆ ಮನೆ ಮಾರಬೇಕಾಗಿ ಬರುವ ಪಠ್ಯ.

ತೊಂಬತ್ತು ದಿನದ ಮೂಲ 2002ರ ಇಂಡಿಯಾ ಮೋಟಾರ್ ಟ್ಯಾರಿಫ್. ವರ್ಷವಿಡೀ ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ಶೇ. 20ರಿಂದ ಶುರುವಾಗಿ 25, 35, 45 ಎಂದು ಏರಿ 50ಕ್ಕೆ ನಿಲ್ಲುತ್ತದೆ. ಪಾಲಿಸಿ ಮುಗಿದ ತೊಂಬತ್ತು ದಿನದೊಳಗೆ ನವೀಕರಿಸಿದರೆ ಈ ಏಣಿಯಿಂದ ಕೆಳಗೆ ಬೀಳುವುದಿಲ್ಲ. ನಿಯಮ ಹೇಳುವುದು ಇಷ್ಟೇ. ರಿಯಾಯಿತಿಯೂ ನಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಮ್ಮಿಗೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕಿಲ್ಲ. ಆ ತೊಂಬತ್ತು ದಿನಗಳಲ್ಲಿ ಕಾರು ಯಾರನ್ನಾದರೂ ಗುದ್ದಿದರೆ ಬೋನಸ್ ಕ್ಷೇಮವಾಗಿರುತ್ತದೆ, ಗುದ್ದಿಸಿಕೊಂಡವನಿಗೆ ಕೊಡಲು ಕಂಪನಿಯೇ ಇರುವುದಿಲ್ಲ. ಹಣ ಉಳಿಸುವ ಸಲಹೆ ಬರೆಯುವ ಅಂಕಣಕಾರರು ಮೊದಲನೆಯದನ್ನು ಶೀರ್ಷಿಕೆಯಲ್ಲೂ ಎರಡನೆಯದನ್ನು ಕೊನೆಯ ಪ್ಯಾರಾದಲ್ಲೂ ಇಡುತ್ತಾರೆ. ಕೊನೆಯ ಪ್ಯಾರಾವರೆಗೆ ಓದುವವರು ಎಷ್ಟು ಮಂದಿ?

ಹಳೆ ಪಾಲಿಸಿಗೂ ಹೊಸದಕ್ಕೂ ನಡುವಿನ ಈ ಗ್ಯಾಪ್ ಬೀಳುವುದು ಸೋಮಾರಿಗಳಿಗೆ ಎಂಬ ಮಾತು ಇನ್ನೊಂದಿದೆ. ನಮ್ಮ ಕಡೆಯ ಬದುಕನ್ನು ನೋಡದವರ ಮಾತು ಅದು. 2001ರ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂನಿಂದ ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವವರ ಕಾರು ವಾರವಿಡೀ ನಿಂತೇ ಇರುತ್ತದೆ. ಭಾನುವಾರ ಕುಪ್ಪಂಗೋ ವಿ. ಕೋಟಕ್ಕೋ ಹೋಗಲು ಹೊರತೆಗೆದಾಗಲೇ ಗೊತ್ತಾಗುವುದು, ಬುಧವಾರ ರಾತ್ರಿಯೇ ಇನ್ಶೂರೆನ್ಸ್ ಮುಗಿದಿದೆ ಎಂದು. ನಿಂತ ಕಾರೂ ಲೆಕ್ಕದಿಂದ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ವಿಮೆ ಕೇಳುವುದು ಸಾರ್ವಜನಿಕ ಸ್ಥಳದಲ್ಲಿ ವಾಹನದ "ಬಳಕೆ"ಗೆ. 196ನೇ ಕಲಂ ದಂಡ ಹಾಕುವುದು "ಓಡಿಸಿದ್ದಕ್ಕೆ": ಮೊದಲ ಸಲ 2,000 ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಗಣಿ ಲೈನ್ ಮನೆಗಳಿಗೆ ಕಾಂಪೌಂಡ್ ಎಲ್ಲಿಂದ ಬರಬೇಕು? ಕಾರು ಓಣಿಯಲ್ಲೇ ನಿಲ್ಲುತ್ತದೆ, ಓಣಿಯಲ್ಲಿ ಎಲ್ಲರೂ ನಡೆಯುತ್ತಾರೆ.

ಇವೆಲ್ಲ ಹುಡುಕಿದರೆ ಸಿಗುವಂಥದ್ದೇ. ನನ್ನ ತಕರಾರು ಇರುವುದು ಪಾಲಿಸಿಯ ಮೊದಲ ಪುಟದ ಒಂದೇ ಒಂದು ಸಾಲಿನ ಮೇಲೆ. ವಿಮೆಯ ಅವಧಿ: ಇಂಥ ದಿನಾಂಕದ ಇಷ್ಟು ಗಂಟೆಯಿಂದ ಇಂಥ ದಿನಾಂಕದ ಮಧ್ಯರಾತ್ರಿವರೆಗೆ.

"ಇಂದ" ಮತ್ತು "ವರೆಗೆ" ಒಂದೇ ಅಳತೆಗೋಲು ಹಿಡಿದಿಲ್ಲ ಎಂಬುದನ್ನು ಗಮನಿಸಿ. ಶುರುವಾಗುವುದು ಗಡಿಯಾರದಲ್ಲಿ, ಮುಗಿಯುವುದು ಪಂಚಾಂಗದಲ್ಲಿ. ಗ್ಯಾಪ್ ಬಿದ್ದ ಮೇಲೆ ಜೂನ್ 10ರ ಸಂಜೆ 4 ಗಂಟೆ 7 ನಿಮಿಷಕ್ಕೆ ಹಣ ಕಟ್ಟಿದಿರಿ ಎನ್ನಿ. ಪಾಲಿಸಿ ಆ ನಿಮಿಷದಿಂದ ಜೀವ ತಳೆದರೆ, ಸಾಯುವುದು ಮುಂದಿನ ಜೂನ್ 9ರ ಮಧ್ಯರಾತ್ರಿ. ಅಂದರೆ 364 ದಿನ 7 ಗಂಟೆ 53 ನಿಮಿಷ. ಪೂರ್ತಿ ವರ್ಷದ ದುಡ್ಡು ಕೊಟ್ಟು ಹದಿನಾರು ಗಂಟೆ ಕಳಕೊಂಡಿರಿ. 1000 ಸಿಸಿಯೊಳಗಿನ ಕಾರಿಗೆ 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ದರ ವರ್ಷಕ್ಕೆ 2,094 ರೂಪಾಯಿ, ದಿನಕ್ಕೆ ಆರು ರೂಪಾಯಿಗೂ ಕಡಿಮೆ. ಆ ಲೆಕ್ಕದಲ್ಲಿ ಕಳೆದದ್ದು ನಾಲ್ಕು ರೂಪಾಯಿ ಆಗಲಿಕ್ಕಿಲ್ಲ. ಜಗಳಕ್ಕೆ ಅಷ್ಟು ಸಾಲದು, ನಿಜ. ಆದರೆ ವಾಕ್ಯ ಯಾರ ಕಡೆಗೆ ವಾಲುತ್ತದೆ ಎಂದು ತಿಳಿಯಲು ನಾಲ್ಕು ರೂಪಾಯಿ ಬೇಕಾದಷ್ಟಾಯಿತು. ಶುರುವಿನಲ್ಲಿ ನಿಮಿಷವನ್ನೂ ಎಣಿಸುವ ಕೈ ಕೊನೆಯಲ್ಲಿ ಅರ್ಧ ದಿನಕ್ಕೂ ಮಿಕ್ಕಿ ಉದಾಸೀನ ಮಾಡುತ್ತದೆ.

ಇನ್ನು "ಮಧ್ಯರಾತ್ರಿ". 9ನೇ ತಾರೀಖಿನ ಮಧ್ಯರಾತ್ರಿ ಎಂದರೆ 9 ಹುಟ್ಟುವಾಗಲೋ ಸಾಯುವಾಗಲೋ? ಕೆಲವು ಪಾಲಿಸಿಗಳು ಈಗ 23:59 ಎಂದು ಬರೆದು ಈ ಗೊಂದಲ ಕಳೆಯುತ್ತವೆ, ಅಷ್ಟರಮಟ್ಟಿಗೆ ಮೆಚ್ಚಬೇಕು. ಸೂರ್ಯೋದಯಕ್ಕೆ ದಿನ ಹುಟ್ಟುತ್ತದೆ ಎನ್ನುವ ನಮ್ಮ ಅಜ್ಜಿಯರ ಲೆಕ್ಕದಲ್ಲಿ ಬೆಳಗಿನ ಜಾವ ಎರಡು ಗಂಟೆಯ ಅಪಘಾತ ಹಿಂದಿನ ದಿನದ್ದು. ಅವರನ್ನು ಕೇಳಿದ್ದರೆ ಅದೆಷ್ಟು ಕುಟುಂಬಗಳಿಗೆ ಪರಿಹಾರ ದಕ್ಕುತ್ತಿತ್ತೋ!

ನಗುವ ಮಾತಲ್ಲ. ಇದೇ ಸಾಲು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1990ರಲ್ಲಿ ಅಲ್ಲಿ ತೀರ್ಮಾನವಾದ ಪ್ರಕರಣ ಅಪ್ಪಟ ಗ್ಯಾಪಿನದು. ವಾಹನದ ಹಳೆಯ ಪಾಲಿಸಿ 1984ರ ಆಗಸ್ಟ್ 31ಕ್ಕೆ ಮುಗಿದಿತ್ತು. ಹೊಸದನ್ನು ತೆಗೆದದ್ದು ಸೆಪ್ಟೆಂಬರ್ 28ರಂದು, ಅಪಘಾತವೂ ಅದೇ ದಿನ. ಮೊದಲು ಯಾವುದು? ಕೋರ್ಟು ಆ ಪ್ರಶ್ನೆಯ ಬೆನ್ನು ಹತ್ತಲಿಲ್ಲ. ಒಂದು ತಾರೀಖಿಗೆ ಪಾಲಿಸಿ ತೆಗೆದರೆ ಅದು ಆ ತಾರೀಖು ಹುಟ್ಟಿದ ಗಳಿಗೆಯಿಂದ ಜಾರಿ ಎಂದಿತು. ದಿನವನ್ನು ತುಂಡು ಮಾಡಿ ಎಣಿಸುವುದಿಲ್ಲ ಎಂಬ ಕಾನೂನಿನ ಹಳೆಯ ತತ್ವಕ್ಕೆ ಒಪ್ಪುವ ಓದು ಇದು. ಕೊನೆಯನ್ನು ಮಧ್ಯರಾತ್ರಿಗೆ ಕಟ್ಟಿದ ಮೇಲೆ ಮೊದಲನ್ನೂ ಮಧ್ಯರಾತ್ರಿಗೇ ಕಟ್ಟಿತು. ವಾಕ್ಯದ ಎರಡು ತುದಿಗೂ ಒಂದೇ ಗಂಟು.

ಈ ಓದು ಆರು ವರ್ಷ ಬಾಳಿತು. 1996ರ ಇನ್ನೊಂದು ತೀರ್ಪಿನಲ್ಲಿ ಅಪಘಾತ 1983ರ ಅಕ್ಟೋಬರ್ 25ರ ಬೆಳಿಗ್ಗೆ 11.15ಕ್ಕೆ, ನವೀಕರಣ ಅದೇ ದಿನ ಸಂಜೆ 4ಕ್ಕೆ. ಪಾಲಿಸಿಯಲ್ಲಿ ಗಂಟೆ ಬರೆದಿದೆ, ಆದ್ದರಿಂದ ಆ ಗಂಟೆಯೇ ಅಂತಿಮ ಎಂದಿತು ಕೋರ್ಟು. ಆಮೇಲೆ ಇನ್ನೂ ಹರಿತವಾದ ಪ್ರಕರಣ: 1991ರ ಡಿಸೆಂಬರ್ 10, ಮಧ್ಯಾಹ್ನ 2.20ಕ್ಕೆ ಅಪಘಾತ, 2.55ಕ್ಕೆ ಪಾಲಿಸಿ. ನಡುವೆ ಮೂವತ್ತೈದು ನಿಮಿಷ. ಕಂಪನಿ ಹೊಣೆಯಲ್ಲ. ಅಂದಿನಿಂದ ಕಂಪನಿಗಳು ಗಂಟೆ ಬರೆಯುವುದನ್ನು ಮರೆತದ್ದಿಲ್ಲ. 1990ರ ತೀರ್ಪನ್ನು ಯಾರೂ ಸುಟ್ಟುಹಾಕಲಿಲ್ಲ. ಅದರ ಮೇಲೆ ಒಂದು ಗಡಿಯಾರ ಇಟ್ಟರು, ಅಷ್ಟೆ. ಗಂಟೆ ನಮೂದಾಗದ ಪಾಲಿಸಿಗೆ ಮಾತ್ರ ಅನ್ವಯಿಸುವ ಅಪವಾದವಾಗಿ ಅದು ಮೂಲೆ ಸೇರಿತು.

ಕಾನೂನು ವ್ಯಾಖ್ಯಾನಕಾರರು ಇದನ್ನು ವಿವೇಕದ ವಿಜಯವೆಂದು ಬರೆಯುತ್ತಾರೆ. ಗುದ್ದಿದ ಮೇಲೆ ಓಡಿಹೋಗಿ ಪಾಲಿಸಿ ಕೊಳ್ಳುವ ವಂಚಕರನ್ನು ತಡೆಯಬೇಕಲ್ಲ ಎನ್ನುತ್ತಾರೆ. ಬೇಕು, ಒಪ್ಪಿದೆ. ಮೂವತ್ತೈದು ನಿಮಿಷದ ಆ ಪ್ರಕರಣವನ್ನು ಓದಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ವಂಚಿಸಿದವನು ಮಾಲೀಕ, ಪರಿಹಾರ ಕಳಕೊಂಡವನು ರಸ್ತೆ ದಾಟುತ್ತಿದ್ದ ಮೂರನೆಯವನು. ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದ್ದು ಮಾಲೀಕನ ಒಳ್ಳೆಯತನಕ್ಕೆ ಬಹುಮಾನ ಕೊಡಲಿಕ್ಕೇನು?

ಮೊದಲು ಕೊಟ್ಟು ಆಮೇಲೆ ವಸೂಲು ಮಾಡುವ ದಾರಿ ಈ ವ್ಯವಸ್ಥೆಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಸರಿಯಾದ ಲೈಸೆನ್ಸ್ ಇಲ್ಲದವನು ಓಡಿಸಿ ಗುದ್ದಿದರೂ ಕಂಪನಿ ಗಾಯಾಳುವಿಗೆ ಕೊಟ್ಟು ಮಾಲೀಕನ ಬೆನ್ನು ಹತ್ತಬಹುದು ಎಂಬುದನ್ನು 2004ರ ತೀರ್ಪು ಗಟ್ಟಿ ಮಾಡಿತು. ಚೆಕ್ ಬೌನ್ಸ್ ಆದ ಪಾಲಿಸಿಗಳದ್ದೂ ಇದೇ ಕತೆ, ಅದರಲ್ಲೂ ಎರಡು ಮುಖ್ಯ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದವು. 2007ರದ್ದರಲ್ಲಿ ಅಪಘಾತಕ್ಕೆ ಮುಂಚೆಯೇ ಪಾಲಿಸಿ ರದ್ದಾಗಿ ಮಾಲೀಕನಿಗೆ ತಿಳಿಸಿಯೂ ಆಗಿತ್ತು. ಕಂಪನಿ ಹೊಣೆಯಲ್ಲ ಎಂದ ಸುಪ್ರೀಂ ಕೋರ್ಟ್, ತನ್ನ ವಿಶೇಷಾಧಿಕಾರ ಬಳಸಿ, ಆದರೂ ಮೊದಲು ಕೊಡು, ಆಮೇಲೆ ವಸೂಲು ಮಾಡಿಕೊ ಎಂದಿತು. 2012ರದ್ದರಲ್ಲಿ ರದ್ದತಿಯ ಸುದ್ದಿ ಅಪಘಾತಕ್ಕೆ ಮೊದಲು ಮುಟ್ಟಿರಲಿಲ್ಲ, ಮೂರನೆಯವನಿಗೆ ಕಂಪನಿಯೇ ಹೊಣೆ ಎಂದಿತು. ಹಾಗಾದರೆ ಲೆಕ್ಕ ಹೀಗಾಯಿತು: ಬೌನ್ಸ್ ಆಗುವ ಚೆಕ್ ಕೊಟ್ಟವನ ಕಾರಿಗೆ ಸಿಕ್ಕಿಬಿದ್ದರೆ ಪರಿಹಾರ ಉಂಟು, ಹತ್ತು ವರ್ಷ ಬಿಡದೆ ಕಟ್ಟಿ ಒಮ್ಮೆ ಮೂರು ದಿನ ತಡಮಾಡಿದವನ ಕಾರಿಗೆ ಸಿಕ್ಕಿಬಿದ್ದರೆ ಆತನ ಮನೆಮಠ ಜಪ್ತಿಯಾಗುವವರೆಗೆ ಕಾಯಬೇಕು. ವಂಚಕರ ಭೂತ ತೋರಿಸುವ ವ್ಯಾಖ್ಯಾನಕಾರರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಲಿ.

ಅವರ ಕೊನೆಯ ಆಸರೆ 1938ರ ವಿಮಾ ಕಾಯ್ದೆಯ 64ವಿಬಿ ಕಲಂ: ಪ್ರೀಮಿಯಂ ಕೈಸೇರದೆ ಕಂಪನಿ ಅಪಾಯ ಹೊರುವಂತಿಲ್ಲ. ಎಲ್‌ಐಸಿ ಪಾಲಿಸಿ ಇಟ್ಟುಕೊಂಡವರು ಇಲ್ಲಿ ಹುಬ್ಬೇರಿಸಬೇಕು. ವರ್ಷದ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಅಲ್ಲಿ ಗ್ರೇಸ್ ಇದೆ. ಆ ನಡುವೆ ಸತ್ತರೆ ಬಾಕಿ ಕಂತು ಮುರಿದುಕೊಂಡು ಹಣ ಕೊಡುತ್ತಾರೆ. ಜೀವವಿಮೆ ದೀರ್ಘ ಕರಾರು, ಮೋಟಾರು ವಿಮೆ ವರ್ಷದ್ದು ಎಂಬ ಉತ್ತರ ಸಿದ್ಧವಿದೆ. ಆದರೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಸುಪ್ರೀಂ ಕೋರ್ಟೇ ಕಡ್ಡಾಯ ಮಾಡಿದೆ. ಒಮ್ಮೆಗೇ ಮೂರು ವರ್ಷದ್ದು ಕೊಳ್ಳುವುದು ಹೊಸ ಕಾರಿನವರು. ಹಳೆ ಕಾರಿನ ನಮ್ಮಂಥವರು ವರ್ಷ ವರ್ಷವೂ ಆ ಮಧ್ಯರಾತ್ರಿಯನ್ನು ದಾಟಬೇಕು.

ಕಲ್ಲಿನಲ್ಲಿ ಕೆತ್ತಿದಂತಿದ್ದ 64ವಿಬಿಯೇ 2020ರ ಕೊರೊನಾ ಲಾಕ್‌ಡೌನಿನಲ್ಲಿ ಮೆತ್ತಗಾಯಿತು. ಮಾರ್ಚ್ 25ರಿಂದ ಏಪ್ರಿಲ್ 14ರ ನಡುವೆ ನವೀಕರಣಕ್ಕೆ ಬಂದ ಥರ್ಡ್ ಪಾರ್ಟಿ ಪಾಲಿಸಿಗಳಿಗೆ ಏಪ್ರಿಲ್ 21ರೊಳಗೆ ಕಟ್ಟಿದರೆ ಸಾಕು, ರಕ್ಷಣೆ ಮುರಿಯಲಿಲ್ಲವೆಂದೇ ಲೆಕ್ಕ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಲಾಕ್‌ಡೌನ್ ಬೆಳೆದಾಗ ಮೇ 3ರವರೆಗಿನವಕ್ಕೆ ಮೇ 15ರ ಗಡುವು ಕೊಟ್ಟಿತು. ಯಾವ ಕಂಪನಿಯೂ ಮುಳುಗಲಿಲ್ಲ. ರಸ್ತೆಗಳೇ ಖಾಲಿಯಿದ್ದವು ಎನ್ನುತ್ತೀರಾ? ಮಾರಿಕುಪ್ಪಂನ ಓಣಿಯಲ್ಲಿ ವಾರವಿಡೀ ನಿಂತ ಕಾರಿಗೂ ರಸ್ತೆ ಖಾಲಿಯೇ.

ಇನ್ನು ಗ್ಯಾಪ್ ಮುಚ್ಚುವ ವಿಧಿ, ಏಜೆಂಟರ ಭಾಷೆಯಲ್ಲಿ "ಬ್ರೇಕ್ ಇನ್". ಫುಲ್ ಇನ್ಶೂರೆನ್ಸ್ ಬೇಕಾದರೆ ಕಾರಿನ ತಪಾಸಣೆ ಆಗಬೇಕು: ನಾಲ್ಕೂ ದಿಕ್ಕಿನ ಫೋಟೋ, ಚಾಸಿ ನಂಬರ್, ಓಡಿದ ಕಿಲೋಮೀಟರ್, ಮುಂದಿನ ಗಾಜು. ಹಳೆಯ ಗುದ್ದುಗಳಿಗೆ ಹೊಸ ಕ್ಲೇಮ್ ಬರಬಾರದಲ್ಲ, ಇದರಲ್ಲಿ ತಪ್ಪೇನೂ ಇಲ್ಲ. ಬರಿಯ ಥರ್ಡ್ ಪಾರ್ಟಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಇರುವುದಿಲ್ಲ. ಹಾಗಾಗಿ ಗ್ಯಾಪ್ ಬಿದ್ದವರು ಮೊದಲು ಆ ಬಾಗಿಲು ತಟ್ಟಿದರೂ ಅಡ್ಡಿಯಿಲ್ಲ. ಹೀಗೆ ಸಲಹೆ ಕೊಡುವ ನಾನೇ ಒಮ್ಮೆ ಮೂರು ದಿನದ ಗ್ಯಾಪ್ ಬೀಳಿಸಿಕೊಂಡು, ಬೋನಸ್ಸಿನ ಆಸೆಗೆ ಫುಲ್ಲೇ ಬೇಕೆಂದು ಫೋನಿನಲ್ಲಿ ವಿಡಿಯೋ ಮಾಡಲು ಕೂತೆ. ಗಾಜು ಸ್ಪಷ್ಟವಿಲ್ಲ ಎಂದು ಎರಡು ಸಲ ತಿರಸ್ಕಾರವಾಯಿತು. ಗಣಿ ಮಣ್ಣಿನ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸುವ ದಿನ ನಮ್ಮೂರಿನಲ್ಲಿ ಯಾವ ಗಾಜು ಸ್ಪಷ್ಟ? ಎರಡು ಬಿಂದಿಗೆ ನೀರು ಸುರಿದು ಒರೆಸಿ ಮೂರನೆಯ ಸಲ ಪಾಸಾಯಿತು. ಬೆಳಿಗ್ಗೆ 11.20ಕ್ಕೆ ಹಣ ಕಟ್ಟಿದೆ, ತಕ್ಷಣ ಮೆಸೇಜೂ ಬಂತು.

ಪಾಲಿಸಿ ತೆರೆದು ಎಂದಿನಂತೆ ಆ ಸಾಲನ್ನೇ ಮೊದಲು ಓದಿದೆ. ಮಾರನೆಯ ದಿನದ 00:00 ಗಂಟೆಯಿಂದ ಎಂದಿತ್ತು. ಪ್ರೀಮಿಯಂ ಬರದೆ ಅಪಾಯ ಹೊರುವಂತಿಲ್ಲ ಎನ್ನುವ ಕಲಂ ಇದೆ, ಪ್ರೀಮಿಯಂ ಬಂದ ಮೇಲೂ ಹನ್ನೆರಡು ಗಂಟೆ ನಲವತ್ತು ನಿಮಿಷ ಹೊರದೆ ಕೂರುವಂತಿಲ್ಲ ಎನ್ನುವ ಕಲಂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂದು ಸಂಜೆ ಬಂಗಾರಪೇಟೆಯಲ್ಲಿ ಕೆಲಸವಿತ್ತು. ತೊಳೆದ ಗಾಜಿನ ಕಾರನ್ನು ಓಣಿಯಲ್ಲೇ ಬಿಟ್ಟು ರೈಲು ಹತ್ತಿದೆ.