ಜರಿ, ತಾಮ್ರ ಮತ್ತು ನಾಟಿ ಹುಂಜದ ಪುಕ್ಕ

ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಬಿಚ್ಚಿದ ಒಂದು ಗೇಣು ಜರಿ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಉಳಿದುಬಿದ್ದ ತೆಳು ತಾಮ್ರದ ತಂತಿ. ನಾಟಿ ಹುಂಜದ ಕುತ್ತಿಗೆಯ ನಾಲ್ಕು ಪುಕ್ಕ, ಒಂದು ನವಿಲುಗರಿ, ಫ್ಯಾನ್ಸಿ ಸ್ಟೋರಿನ ಬಣ್ಣವಿಲ್ಲದ ನೇಲ್ ಪಾಲಿಶ್. ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ಭದ್ರಾವತಿ ಪೇಟೆಯಲ್ಲೋ ಒಂದು ಸುತ್ತು ಹಾಕಿದರೆ ಇಷ್ಟನ್ನೂ ಕೂಡಿಸಿಕೊಂಡು ಬರಬಹುದು. ಮೀನು ಹಿಡಿಯುವ ಫ್ಲೈ ಕಟ್ಟಲು ಇದಕ್ಕಿಂತ ಹೆಚ್ಚು ಸಾಮಾನು ಬೇಕಾಗುವುದು ಅಪರೂಪ.

ಫ್ಲೈ ಎಂದರೆ ಹುಳುವಿನಂತೆಯೋ ಸಣ್ಣ ಮೀನಿನಂತೆಯೋ ಕಾಣುವ ಹಾಗೆ ನೂಲು, ಪುಕ್ಕ, ಕೂದಲು ಸುತ್ತಿದ ಗಾಳ. ಇದಕ್ಕೆ ಎರೆಹುಳು ಚುಚ್ಚುವುದಿಲ್ಲ, ರಾಗಿ ಉಂಡೆ ಮೆತ್ತುವುದಿಲ್ಲ. ಗಾಳಕ್ಕೆ ತೂಕವೇ ಇಲ್ಲದ ಕಾರಣ ದಪ್ಪನೆಯ ವಿಶೇಷ ದಾರದ ತೂಕದಿಂದಲೇ ಅದನ್ನು ನೀರಿನವರೆಗೆ ಬೀಸಬೇಕು. ಕಸುಬು ಬಹಳ ಹಳೆಯದು. ಮ್ಯಾಸಿಡೋನಿಯಾದ ಆಸ್ಟ್ರೇಯಸ್ ನದಿಯಲ್ಲಿ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗದ್ದದಡಿಯ ಮೇಣಬಣ್ಣದ ಎರಡು ಪುಕ್ಕ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ರೋಮನ್ ಕಾಲದ ಲೇಖಕ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆ ಬರೆದಿಟ್ಟಿದ್ದಾನೆ. ಉಣ್ಣೆ ಮತ್ತು ಹುಂಜದ ಪುಕ್ಕ, ಎರಡೂ ಇಂದಿಗೂ ಫ್ಲೈ ಕಟ್ಟುವವರ ಮೇಜಿನ ಮೇಲಿವೆ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಡೆಯುವ ಫ್ಲೈ ಫಿಶಿಂಗ್ ಶೋ, ಇಂಗ್ಲೆಂಡಿನ ಬ್ರಿಟಿಷ್ ಫ್ಲೈ ಫೇರ್‌ನಂಥ ಮೇಳಗಳಲ್ಲಿ ನುರಿತವರು ಸಾಲಾಗಿ ಕುಳಿತು ಜನರೆದುರೇ ಫ್ಲೈ ಕಟ್ಟುತ್ತಾರೆ. ಮಳಿಗೆಗಳಲ್ಲಿ ನೂರಾರು ಬಗೆಯ ಪುಕ್ಕ, ಮಣಿ, ಮಿಂಚುನೂಲು ತೂಗುತ್ತಿರುತ್ತವೆ. ಹೊಸಬರ ಕೈ ಮೊದಲು ಚೀಲದತ್ತ ಹೋಗುತ್ತದೆ. ಅದಕ್ಕಿಂತ ಆ ಸಾಲಿನ ಮುಂದೆ ಒಂದು ತಾಸು ನಿಂತು ಕಟ್ಟುವವರ ಬೆರಳುಗಳನ್ನೇ ನೋಡುವುದು ಹೆಚ್ಚು ಲಾಭದ ಕೆಲಸ. ಬೇರೆ ಬೇರೆ ದೇಶದವರು, ಬೇರೆ ಬೇರೆ ಮೀನಿಗೆ ಕಟ್ಟುವವರು, ಆದರೂ ಕೈ ಮಾಡುವುದು ಹೆಚ್ಚುಕಡಿಮೆ ಒಂದನ್ನೇ: ಸಾಮಾನು ಕಡಿಮೆ, ಸುತ್ತು ಕಡಿಮೆ.

ಮೊದಲ ಪಾಠ ಗಾಳದ ಕಣ್ಣಿನ ಹಿಂದಿನ ಜಾಗದ್ದು. ಕಲಿಯುವವರ ಫ್ಲೈಗಳು ಬಹುಪಾಲು ಕೆಡುವುದು ಅಲ್ಲೇ. ಬಾಲ, ಮೈ, ರೆಕ್ಕೆ ಎಲ್ಲ ಕಟ್ಟಿ ಮುಂದೆ ಬರುವಷ್ಟರಲ್ಲಿ ತಲೆಗೆ ಜಾಗ ಉಳಿದಿರುವುದಿಲ್ಲ. ಪುಕ್ಕ ಕಣ್ಣನ್ನು ಮುಚ್ಚುತ್ತದೆ, ದಾರ ಪೋಣಿಸಲು ಆಗುವುದಿಲ್ಲ. ಹಾಗಾಗಿ ನೂಲನ್ನು ಕಣ್ಣಿನ ಪಕ್ಕದಿಂದ ಶುರು ಮಾಡದೆ, ಒಂದು ಕಣ್ಣಿನಷ್ಟು ಉದ್ದ ಬರಿದಾಗಿ ಬಿಟ್ಟು ಶುರು ಮಾಡಬೇಕು. ಅಳತೆಗಳೂ ಗಾಳದಲ್ಲೇ ಇವೆ. ಬಾಲ ಗಾಳದ ನೆಟ್ಟನೆಯ ಭಾಗದಷ್ಟು ಉದ್ದ, ಕೊರಳಿಗೆ ಸುತ್ತುವ ಪುಕ್ಕದ ಎಳೆ ಗಾಳದ ಬಾಯಿಯ ಒಂದೂವರೆ ಪಟ್ಟು. ಪುಕ್ಕವನ್ನು ಗಾಳದ ಪಕ್ಕದಲ್ಲಿ ಬಾಗಿಸಿ ಹಿಡಿದರೆ ಎಳೆಗಳು ಬಿಚ್ಚಿ ನಿಲ್ಲುತ್ತವೆ, ಅಳತೆ ಕಣ್ಣಿಗೇ ಕಾಣುತ್ತದೆ.

ಎರಡನೆಯದು ನೂಲಿನ ಹುರಿ. ಬಲಗೈಯವರು ಸುತ್ತುತ್ತ ಹೋದಂತೆ ನೂಲು ಹುರಿಗೊಂಡು ದುಂಡಗಾಗುತ್ತದೆ, ಸುತ್ತಿನ ಮೇಲೆ ಸುತ್ತು ಕೂತು ಗಂಟುಗಂಟಾಗುತ್ತದೆ. ನೂಲಿನ ಬಾಬಿನ್ನನ್ನು ತೂಗಬಿಟ್ಟು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಹುರಿ ಬಿಚ್ಚುತ್ತದೆ. ಆಗ ನೂಲು ಚಪ್ಪಟೆಯಾಗಿ ಮಲಗಿ ಮೈ ನುಣುಪಾಗುತ್ತದೆ. ದರ್ಜಿಯ ಮಿಷನ್ ದಾರ ಇದಕ್ಕೆ ದಪ್ಪವಾಯಿತು; ಕಸೂತಿಗೆ ಬಳಸುವ ನಯವಾದ ಪಾಲಿಯೆಸ್ಟರ್ ಎಳೆ ಆದೀತು. ಪುಕ್ಕವನ್ನು ಗಾಳದ ನೆತ್ತಿಯ ಮೇಲೆ ನಿಲ್ಲಿಸುವುದಕ್ಕೂ ಒಂದು ಉಪಾಯವಿದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಪುಕ್ಕವನ್ನೂ ಗಾಳವನ್ನೂ ಒಟ್ಟಿಗೆ ಹಿಡಿದು, ನೂಲನ್ನು ಸಡಿಲವಾಗಿ ಬೆರಳಸಂದಿಯಿಂದ ಮೇಲೆ ತಂದು ಆಚೆ ಇಳಿಸಿ, ಆಮೇಲೆ ನೇರ ಕೆಳಕ್ಕೆ ಎಳೆಯುವುದು. ಬೆರಳು ಸಡಿಲಿಸದೆ ಹೀಗೆ ಎರಡು ಸಲ ಮಾಡಿದರೆ ಪುಕ್ಕ ಪಕ್ಕಕ್ಕೆ ಜಾರುವುದಿಲ್ಲ.

ನವಿಲುಗರಿಯ ಎಳೆಗೆ ಸಮನಾದ ವಸ್ತು ಇನ್ನೊಂದಿಲ್ಲ. ನೀರಿನಲ್ಲಿ ಅದು ಹಸಿರು, ಕಂಚು, ಕಪ್ಪು ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ದೋಷ ಒಂದೇ, ಬಲು ಬೇಗ ಹರಿಯುತ್ತದೆ. ಮೀನಿನ ಬಾಯಿಗೆ ಒಮ್ಮೆ ಸಿಕ್ಕರೆ ಮುಗಿಯಿತು. ಮೂರು ಎಳೆಗಳನ್ನು ಕಟ್ಟುವ ನೂಲಿನ ಜೊತೆಗೇ ಹೊಸೆದು ಸುತ್ತಬೇಕು, ಅದರ ಮೇಲೆ ವಿರುದ್ಧ ದಿಕ್ಕಿನಲ್ಲಿ ತಾಮ್ರದ ತಂತಿಯನ್ನು ನಾಲ್ಕೈದು ಸುತ್ತು ಹಾಯಿಸಬೇಕು. ಆಗ ಒಂದು ಎಳೆ ತುಂಡಾದರೂ ಉಳಿದವು ನಿಲ್ಲುತ್ತವೆ.

ತಾಮ್ರದ ತಂತಿಯ ಮಾತು ಬಂದರೆ ಫ್ರಾಂಕ್ ಸಾಯರ್ ಹೆಸರು ಹೇಳದೆ ಇರಲಾಗದು. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಸಾಯರ್, ನೀರೊಳಗಿನ ಮರಿಹುಳುವಿನಂತೆ ಕಾಣಲೆಂದು ಕಟ್ಟಿದ ಫೆಸೆಂಟ್ ಟೇಲ್ ನಿಂಫ್‌ನಲ್ಲಿ ಇರುವುದು ಎರಡೇ ವಸ್ತು: ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆ ಮತ್ತು ತಾಮ್ರದ ತಂತಿ. ನೂಲು ಸಹ ಇಲ್ಲ. ತಂತಿಯೇ ನೂಲು, ತಂತಿಯೇ ತೂಕ, ಎಳೆಗಳ ಸಂದಿಯಲ್ಲಿ ಮಿನುಗುವ ಹೊಳಪೂ ಅದೇ. ಜಗತ್ತಿನ ಎಲ್ಲ ಕಡೆ ಮೀನು ಹಿಡಿದಿರುವ ಈ ಫ್ಲೈಯನ್ನು ಮೀರಿಸುವ ಸರಳತೆ ಫ್ಲೈ ಕಟ್ಟುವ ಕಲೆಯಲ್ಲಿ ಮತ್ತೆ ಬಂದಿಲ್ಲ ಎಂದರೆ ಅತಿಶಯವಲ್ಲ. ಶಿವಮೊಗ್ಗದಲ್ಲಿ ಫೆಸೆಂಟ್ ಇಲ್ಲ. ಕಂದು ಬಣ್ಣದ ನಾಟಿ ಕೋಳಿಯ ರೆಕ್ಕೆಗರಿಯ ಎಳೆಗಳಿಂದ ಅದೇ ಫ್ಲೈಯನ್ನು ಕಟ್ಟಬಹುದು. ಮೋಟರ್ ಸುತ್ತುವ ಅಂಗಡಿಯವರಲ್ಲಿ ಅವರು ಬಳಸುವ ಅತಿ ತೆಳು ಗೇಜನ್ನು ಕೇಳಿ ಪಡೆದರೆ ತಂತಿಯ ಚಿಂತೆ ವರ್ಷಗಟ್ಟಲೆ ಇರುವುದಿಲ್ಲ.

ಜರಿಯದು ಇನ್ನೂ ಸೊಗಸು. ವಿದೇಶದ ಮಳಿಗೆಗಳಲ್ಲಿ ಓವಲ್ ಟಿನ್ಸೆಲ್ ಎಂದು ಸಣ್ಣ ಉರುಳೆಗಳಲ್ಲಿ ಮಾರುವುದು ಎಳೆಯೊಂದರ ಮೇಲೆ ತೆಳು ಲೋಹದ ಪಟ್ಟಿ ಸುತ್ತಿದ ದಾರ. ನಮ್ಮ ಜರಿಯೂ ಅದೇ ರಚನೆಯದು. ಹರಿದ ಸೀರೆಯ ಅಂಚನ್ನು ಎಸೆಯುವ ಮೊದಲು ಎಳೆ ಬಿಚ್ಚಿಟ್ಟುಕೊಂಡರೆ ಫ್ಲೈಯ ಮೈಮೇಲಿನ ಉಂಗುರಗಳಿಗೆ ಸಾಕಾಗುತ್ತದೆ. ಕತ್ತರಿಸಿದ ತುದಿಯಲ್ಲಿ ಲೋಹದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಕಾಲು ಅಂಗುಲದಷ್ಟು ಲೋಹವನ್ನು ತೆಗೆದು, ಒಳಗಿನ ಎಳೆಯನ್ನು ಮಾತ್ರ ನೂಲಿನಡಿ ಕಟ್ಟಿದರೆ ಗಂಟು ಬೀಳುವುದಿಲ್ಲ.

ಕೋಳಿಪುಕ್ಕದ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಪಶ್ಚಿಮದ ಫ್ಲೈ ಅಂಗಡಿಗಳಲ್ಲಿ ಬಹುಕಾಲ ಓಡುತ್ತಿದ್ದ ಅಗ್ಗದ ಸರಕು ಭಾರತ ಮತ್ತು ಚೀನಾದ ಹುಂಜಗಳ ಕುತ್ತಿಗೆಪುಕ್ಕ. ಆಮೇಲೆ ಪುಕ್ಕಕ್ಕಾಗಿಯೇ ತಳಿ ಬೆಳೆಸುವ ಸಾಕಣೆ ಬಂತು. ಕೊಲರಾಡೊದ ವೈಟಿಂಗ್ ಫಾರ್ಮ್ಸ್ 1989ರಿಂದ ಇದೇ ಕೆಲಸದಲ್ಲಿದೆ. ಅಲ್ಲಿನ ಹುಂಜದ ಒಂದೇ ಉದ್ದನೆಯ ಪುಕ್ಕದಲ್ಲಿ ಹಲವು ಫ್ಲೈ ಕಟ್ಟಬಹುದು. 2011ರಲ್ಲಿ ಅಮೆರಿಕದ ಹೆಂಗಳೆಯರು ಆ ಪುಕ್ಕಗಳನ್ನು ತಲೆಗೂದಲಿಗೆ ಕಟ್ಟಿಕೊಳ್ಳುವ ಫ್ಯಾಷನ್ ಹಬ್ಬಿ, ಬೆಲೆ ಏರಿ, ಮೀನು ಹಿಡಿಯುವವರಿಗೆ ಪುಕ್ಕವೇ ಸಿಗದಂತಾಗಿತ್ತು.

ಮಲೆನಾಡಿನಲ್ಲಿ ಆ ಕೊರತೆ ಇಲ್ಲ. ನಾಟಿ ಕೋಳಿ ಕಡಿಯುವ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ವರ್ಷ ತುಂಬಿದ ಹುಂಜದ ಕುತ್ತಿಗೆಪುಕ್ಕ ತೆಗೆದಿಡುತ್ತಾರೆ. ಬಿಸಿನೀರಿಗೆ ಅದ್ದುವ ಮೊದಲೇ ಕಿತ್ತಿರಬೇಕು, ಅದು ಮುಖ್ಯ. ತಲೆಯ ಹತ್ತಿರದ ಪುಕ್ಕ ಚಿಕ್ಕ ಗಾಳಕ್ಕೆ, ಬೆನ್ನಿನತ್ತಲಿನದು ದೊಡ್ಡದಕ್ಕೆ. ಬುಡದಲ್ಲಿರುವ ಮೆತ್ತನೆ ತುಪ್ಪಳವನ್ನು ಕಿತ್ತು ಹಾಕಿ, ಹೊಳಪಿರುವ ಗಟ್ಟಿ ಎಳೆಯ ಭಾಗವನ್ನಷ್ಟೇ ಬಳಸಿದರೆ ಫ್ಲೈ ನೀರ ಮೇಲೆ ತೇಲುತ್ತದೆ. ಮುಳುಗುವ ಫ್ಲೈಗೆ ಹೇಟೆಯ ಮೃದು ಪುಕ್ಕವೇ ಸರಿ. ಹರಿವಿನಲ್ಲಿ ಅದು ಹುಳುವಿನ ಕಾಲಿನಂತೆ ಅಲುಗುತ್ತದೆ. ತಂದ ಪುಕ್ಕವನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿ ಮುಚ್ಚಿಡಬೇಕು. ಬಿಳಿ ಪುಕ್ಕಕ್ಕೆ ಚಹಾ ಡಿಕಾಕ್ಷನ್‌ನಲ್ಲಿ ಕಂದು ಏರಿಸುವುದು ಹಳೆಯ ರೂಢಿ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ಕೊಡುವ ಕೆಂಗಂದನ್ನು ಹೆಗ್ಗೋಡಿನ ಬಳಿಯ ‘ಚರಕ’ ಕೈಮಗ್ಗ ಸಂಸ್ಥೆಯ ನೇಯ್ಗೆಯಲ್ಲಿ ನೋಡಿದವರಿಗೆ, ಅದೇ ಪಾತ್ರೆಗೆ ಒಂದು ಹಿಡಿ ಪುಕ್ಕ ಅದ್ದಿ ನೋಡುವ ಆಸೆ ಬಾರದೆ ಇರದು.

ಇಷ್ಟೆಲ್ಲ ಹೇಳಿದ ಮೇಲೆ ಮುಟ್ಟಬಾರದ ಒಂದು ಪುಕ್ಕದ ಬಗ್ಗೆ ಹೇಳಬೇಕು. ಸಾಲ್ಮನ್ ಫ್ಲೈ ಕಟ್ಟುವವರು ಜಗತ್ತಿನಲ್ಲೇ ಹೆಚ್ಚು ಆಸೆಪಟ್ಟ ಪುಕ್ಕಗಳಲ್ಲೊಂದು ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯದು. ಭಾರತದಲ್ಲಿ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಈ ಬೂದುಬಣ್ಣದ ಕಾಡುಹುಂಜದ ಕೊರಳ ಪುಕ್ಕದಲ್ಲಿ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಅವು ಬರೀ ಬಣ್ಣವಲ್ಲ. ಆ ಜಾಗದಲ್ಲಿ ಪುಕ್ಕವೇ ಚಪ್ಪಟೆಯಾಗಿ, ಅರಗು ಹಚ್ಚಿದಂತೆ ನುಣುಪಾಗಿ ಹೊಳೆಯುತ್ತದೆ. ಫ್ಲೈಯ ಎರಡು ಪಕ್ಕದಲ್ಲಿ ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ಕಾಣುತ್ತದೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡ್ ಇದಕ್ಕೆ ಮರುಳಾಗಿತ್ತು. ಟೋಪಿಗೂ ಫ್ಲೈಗೂ ಸಾಗುತ್ತಿದ್ದ ಕಾಡುಹಕ್ಕಿಗಳ ಪುಕ್ಕದ ರಫ್ತನ್ನು ಬ್ರಿಟಿಷ್ ಸರ್ಕಾರ 1902ರಲ್ಲಿ ನಿಷೇಧಿಸಿತು. 1972ರ ವನ್ಯಜೀವಿ ಕಾಯ್ದೆ ಹಕ್ಕಿಗೇ ರಕ್ಷಣೆ ಕೊಟ್ಟಿತು. ಗರಿಗಳ ಪೈಕಿ ಆ ಕಾಯ್ದೆ ವಿನಾಯಿತಿ ಕೊಟ್ಟಿರುವುದು ನವಿಲಿನ ಬಾಲದ ಗರಿಗೆ, ಅದೂ ದೇಶದೊಳಗಷ್ಟೇ.

ಪುಕ್ಕದ ಮೋಹ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಟ್ರಿಂಗ್ ಪ್ರಕರಣವಿದೆ. 2009ರ ಜೂನ್‌ನಲ್ಲಿ, ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಎಡ್ವಿನ್ ರಿಸ್ಟ್ ಎಂಬ ಅಮೆರಿಕದ ಯುವಕ ಟ್ರಿಂಗ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಕಿಟಕಿ ಒಡೆದು 299 ಹಕ್ಕಿಗಳ ಚರ್ಮ ಕದ್ದ. ಆಲ್ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಅದರಲ್ಲಿದ್ದವು. ಹಳೆಯ ಶೈಲಿಯ ಸಾಲ್ಮನ್ ಫ್ಲೈ ಕಟ್ಟುವವರಿಗೆ ಆ ಪುಕ್ಕಗಳು ಮಾರಾಟವಾದವು. ಹಲವು ಚರ್ಮಗಳ ಗುರುತುಚೀಟಿ ಹರಿದುಹೋಗಿ, ಸಿಕ್ಕರೂ ಅವು ವಿಜ್ಞಾನಕ್ಕೆ ನಿರುಪಯುಕ್ತವಾದವು. ಸಾಲ್ಮನ್‌ಗೆ ಆ ಹಕ್ಕಿಯ ಪುಕ್ಕ, ಈ ಹಕ್ಕಿಯ ಪುಕ್ಕ ಎಂಬ ಭೇದ ಗೊತ್ತಿಲ್ಲ. ಅದು ಮನುಷ್ಯರ ಶೋಕಿ. ಕಪ್ಪು ನಾಟಿ ಕೋಳಿಯ ಸಣ್ಣ ಪುಕ್ಕಕ್ಕೆ ನೇಲ್ ಪಾಲಿಶ್ ಸವರಿ ಒಣಗಿಸಿ, ನಡುವೆ ಒಂದು ಹನಿ ಬಿಳಿ ಬಣ್ಣ ಇಟ್ಟರೆ ಮೀನಿಗೆ ಬೇಕಾದ ಕಣ್ಣು ಸಿದ್ಧ. ಜಿಂಕೆ, ಕಡವೆ, ಮುಂಗುಸಿ ಕೂದಲನ್ನೂ ಹೀಗೆಯೇ ಮುಟ್ಟಬಾರದು. ಮೇಕೆಯ ಬಾಲದ ಕೂದಲು ಉದ್ದವಾಗಿದೆ, ಬಣ್ಣ ಹಿಡಿಯುತ್ತದೆ, ಕಾನೂನಿನ ತೊಡಕಿಲ್ಲ.

ಆ ಮೇಕೆಕೂದಲಿನಿಂದ ಕಟ್ಟಲು ತಕ್ಕ ಫ್ಲೈ ಕ್ಲೌಸರ್ ಮಿನ್ನೋ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1987ರಲ್ಲಿ ಸಸ್ಕ್ವೆಹಾನ ನದಿಗಾಗಿ ರೂಪಿಸಿದ್ದು. ಗಾಳದ ಬೆನ್ನಿಗೆ ಭಾರದ ಕಣ್ಣುಗುಂಡು ಕಟ್ಟುವುದರಿಂದ ಫ್ಲೈ ಮಗುಚಿ, ಮೊನೆ ಮೇಲಾಗಿ ಓಡುತ್ತದೆ. ಬಂಡೆಯ ಸಂದಿಗೆ ಸಿಕ್ಕಿಕೊಳ್ಳುವುದು ಕಡಿಮೆ. ತುಂಗೆಯಂಥ ಕಲ್ಲುಹಾಸಿನ ಹೊಳೆಗೆ ಇದಕ್ಕಿಂತ ಬೇರೆ ಯುಕ್ತಿ ಬೇಕೇ? ಕೀ ಚೈನಿನ ಮಣಿಸರಪಳಿಯಿಂದ ಎರಡು ಗುಂಡು ಕತ್ತರಿಸಿ, ಎಂಟರ ಆಕಾರದಲ್ಲಿ ನೂಲು ಸುತ್ತಿ ಬಿಗಿದರೆ ಕಣ್ಣಾಯಿತು. ಗಾಳ ಹಿಡಿಯುವ ವೈಸ್ ಮಾಡಿಸಬೇಕೆಂದರೆ, ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಕಾಸು ಉಳಿಸಬಾರದ ಸಾಮಾನು ಗಾಳ ಒಂದೇ. ಉಗುರಿನ ಮೇಲೆ ಎಳೆದಾಗ ಜಾರದೆ ಕಚ್ಚಿ ನಿಲ್ಲುವ ಗಾಳವನ್ನು ಕೊಂಡು, ಇಕ್ಕಳದಿಂದ ಹಿಮ್ಮುಳ್ಳನ್ನು ಒತ್ತಿಬಿಡಬೇಕು. ಹಾಗೆ ಮಾಡಿದರೆ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು.

ಈ ನಾಡಿನ ನೀರಿಗೆ ಫ್ಲೈ ಹೊಸತೇನಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಮಹಶೀರ್ ಮೀನು ಏನು ತಿನ್ನುತ್ತದೆ, ಯಾವ ನೀರಿನಲ್ಲಿ ಯಾವುದಕ್ಕೆ ಏಳುತ್ತದೆ ಎಂಬುದನ್ನೆಲ್ಲ ಈ ಸೀಮೆಯ ಹೊಳೆಗಳಲ್ಲಿ ನೋಡಿ ಬರೆದ ಪುಸ್ತಕವದು. ಆದರೆ ಇಂದು ಆ ಮೀನಿಗೆ ಕಟ್ಟುವವರು ಎಲ್ಲಿ ಎಸೆಯಬಾರದು ಎಂಬುದನ್ನು ಮೊದಲು ತಿಳಿದಿರಬೇಕು. ಶೃಂಗೇರಿಯ ಮಠದ ಬಳಿಯ ಮತ್ತು ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮಗಳಲ್ಲಿ ತುಂಗೆಯ ಮಹಶೀರ್‌ಗಳು ಜನರ ಕೈಯಿಂದ ಮಂಡಕ್ಕಿ ತಿನ್ನುತ್ತ ಬದುಕಿವೆ. ಅಲ್ಲಿ ಗಾಳದ ಮಾತೇ ಇಲ್ಲ. ಭದ್ರಾ ಹುಲಿ ಮೀಸಲು ಪ್ರದೇಶದ ಹಿನ್ನೀರೂ ಹಾಗೆಯೇ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿ ಸೇರಿದೆ.

ಕಲಿಯುವವರಿಗೆ ಊರ ಕೆರೆಯ ಜಿಲೇಬಿ ಮೀನು ಸಾಕು. ಹೊರಗಿನಿಂದ ಬಂದು ಎಲ್ಲೆಡೆ ತುಂಬಿಕೊಂಡ ಈ ಮೀನು ಚಿಕ್ಕ ನಿಂಫ್‌ಗೆ ಚೆನ್ನಾಗಿ ಬರುತ್ತದೆ. ಕೆರೆಯನ್ನು ಗುತ್ತಿಗೆಗೆ ಪಡೆದವರನ್ನು ಕೇಳಿಯೇ ಎಸೆಯಬೇಕು. ಮುಂಗಾರಿನಲ್ಲಿ ತುಂಗೆ, ಭದ್ರೆ ಕೆಂಪಾಗಿ ಹರಿಯುವಾಗ ಫ್ಲೈ ಕಾಣುವುದಿಲ್ಲ, ಅದು ಕಟ್ಟುವ ಕಾಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಎಸೆಯುವ ಕಾಲ. ಬೇಸಿಗೆ ಕೊನೆಯ ಮೊದಲ ಮಳೆಗೆ ಈಸಲು ಏಳುವ ಸಂಜೆ ಮಾತ್ರ ಬೇರೆಯೇ ಸಂಭ್ರಮ. ನೀರ ಮೇಲೆ ಬಿದ್ದ ಹುಳುಗಳಿಗೆ ಸಣ್ಣಪುಟ್ಟ ಮೀನುಗಳೆಲ್ಲ ಮೇಲೇಳುತ್ತವೆ. ಆ ಸಂಜೆಗೆಂದು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕಡ್ಡಿಯಷ್ಟು ತೆಳುವಾಗಿ ಸೀಳಿದ ತುಂಡಿಗೆ ಕಂದು ಬಣ್ಣ ಬಳಿದು, ಹನ್ನೆರಡನೇ ನಂಬರಿನ ಗಾಳಕ್ಕೆ ಎರಡು ಕಡೆ ಬಿಗಿದು, ಮಸುಕು ಬಿಳಿ ಪುಕ್ಕದ ಎರಡು ತುದಿಗಳನ್ನು ರೆಕ್ಕೆಯಾಗಿ ಬೆನ್ನಿನ ಮೇಲೆ ಚಪ್ಪಟೆ ಮಲಗಿಸಿ ಕಟ್ಟಬೇಕು. ಕೊರಳಿಗೆ ಹುಂಜದ ಪುಕ್ಕ ಮೂರೇ ಸುತ್ತು. ಹೊಟ್ಟೆಯ ಕೆಳಗಿನ ಎಳೆಗಳನ್ನು ಕತ್ತರಿಯಿಂದ ಸಮ ಮಾಡಿದರೆ ಫ್ಲೈ ನಿಜವಾದ ಈಸಲಿನ ಹಾಗೆ ನೀರಿಗೆ ಅಂಟಿ ಕೂರುತ್ತದೆ.