ಕಟ್ಟಿಸಿದವನು ಮತ್ತು ಕಟ್ಟಿದವರು

ಇಂಗ್ಲಿಷಿನ 'ರಿಲೇಟಿವ್ ಕ್ಲಾಜ್' ಕಲಿಸುವ ಪಾಠವೊಂದು ನಮ್ಮ ಮುಂದಿದೆ. ಪಾಠದ ವಿಷಯ ದಾನಧರ್ಮ. ವ್ಯಾಕರಣಕ್ಕೆ ಜಾತಿಯಿಲ್ಲ, ವರ್ಗವಿಲ್ಲ ಅಂತಾರೆ ಮೇಷ್ಟ್ರುಗಳು. ಮನೆತನದಲ್ಲೇ ಮೊದಲು ಇಂಗ್ಲಿಷ್ ಪುಸ್ತಕ ಬಿಚ್ಚಿದ ನಾವು ಅದನ್ನು ನಂಬಿದ್ದೆವು. 'ಹೂ' ಅಂದರೆ ಮುಡಿಯೋ ಹೂವಲ್ಲ, 'ಯಾರು' ಅಂತ ಉರು ಹೊಡೆದೆವು. ಆ 'ಯಾರು' ಯಾರು ಅಂತ ಮಾತ್ರ ಕೇಳಲಿಲ್ಲ. ಈಗ ಕೇಳೋಣ.

'ದಿ ಮ್ಯಾನ್ ಹೂ ಗೇವ್ ದ ಬ್ಲಾಂಕೆಟ್ಸ್.' ಕಂಬಳಿ ಕೊಟ್ಟ ಮನುಷ್ಯ. 'ದಿ ವಿಡೋ ಟು ಹೂಮ್ ಎ ಬ್ಲಾಂಕೆಟ್ ವಾಸ್ ಗಿವನ್.' ಕಂಬಳಿ ಕೊಡಲ್ಪಟ್ಟ ವಿಧವೆ. ಕೊಡುವವನಿಗೆ 'ಹೂ', ಇಸಕೊಳ್ಳುವವಳಿಗೆ 'ಹೂಮ್'. ಅವನು ಕರ್ತೃ, ಅವಳು ಕೈಯೊಡ್ಡಿ ನಿಂತವಳು. ಅವಳು ಹಗಲೆಲ್ಲ ಏನು ದುಡಿದಳು, ಆ ಕಂಬಳಿ ನೇಯ್ದವರು ಯಾರು ಅನ್ನೋದಕ್ಕೆ ಪಾಠದಲ್ಲಿ ಜಾಗವಿಲ್ಲ.

ಇನ್ನು ಅಲ್ಪವಿರಾಮ. 'ದಿ ಪೂರ್ ಹೂ ಆರ್ ಐಡಲ್' ಅಂದರೆ ಬಡವರಲ್ಲಿ ಸೋಮಾರಿಗಳಾದವರು ಮಾತ್ರ. 'ದಿ ಪೂರ್' ಆದ ಮೇಲೆ ಒಂದು ಅಲ್ಪವಿರಾಮ ಇಟ್ಟುಬಿಡಿ, ಬಡವರೆಲ್ಲರೂ ಸೋಮಾರಿಗಳು! ಕಾಳಿನಷ್ಟು ಚುಕ್ಕೆ, ಇಡೀ ಕೇರಿಯ ಮೇಲೆ ಆರೋಪ. ಇದನ್ನು ಬರೀ ಚಿಹ್ನೆಯ ನಿಯಮ ಅಂತ ಕಲಿಸಿದರೆ ಸಾಲದು.

ದಾನಿ ಅಂದಕೂಡಲೇ ನೆನಪಾಗುವ ಹೆಸರು ಆಂಡ್ರ್ಯೂ ಕಾರ್ನೆಗಿ. 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟ ಅಮೆರಿಕದ ಉಕ್ಕಿನ ಧಣಿ. ಸಣ್ಣ ಸಣ್ಣ ಮೊತ್ತವಾಗಿ ಜನರಿಗೆ ಹಂಚಿದರೆ ಹಣ ಪೋಲಾಗುತ್ತದೆ, ಸಿರಿವಂತನೇ ಅದನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು ಅಂತ 1889ರಲ್ಲಿ ಬರೆದವನು. ಮೂರೇ ವರ್ಷಕ್ಕೆ, 1892ರಲ್ಲಿ, ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿದ್ದ ಅವನದೇ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ ಎದ್ದಿತು. ಕಂಪನಿ ಬಾಗಿಲು ಹಾಕಿ ಪಿಂಕರ್ಟನ್ ಪಡೆಯನ್ನು ಕರೆಸಿತು. ಎರಡೂ ಕಡೆ ಹೆಣ ಬಿದ್ದವು. ಕಾರ್ಮಿಕ ಸಂಘದ ಬೆನ್ನೆಲುಬು ಮುರಿಯಿತು. 1898ರಲ್ಲಿ ಅದೇ ಜನರ ನಡುವೆ ಕಾರ್ನೆಗಿ ಗ್ರಂಥಾಲಯ ತೆರೆಯಿತು. ಕುಲುಮೆಯ ಮುಂದೆ ಹನ್ನೆರಡು ತಾಸು ಬೆಂದವನು ಯಾವ ತಾಸಿನಲ್ಲಿ ಓದಬೇಕಿತ್ತು?

ಪುಸ್ತಕದ ಮೇಲೆ ನಮಗೆ ಸಿಟ್ಟಿಲ್ಲ. ನಾವೂ ಗ್ರಂಥಾಲಯಗಳಲ್ಲೇ ಕಣ್ಣು ಬಿಟ್ಟವರು. ಸಿಟ್ಟಿರುವುದು ವಾಕ್ಯದ ಮೇಲೆ. 'ಕಾರ್ನೆಗಿ, ಹೂ ಬಿಲ್ಟ್ ಲೈಬ್ರರೀಸ್' ಅಂತಾರೆ. 'ದಿ ವರ್ಕರ್ಸ್ ಹೂಸ್ ವೇಜಸ್ ವರ್ ಕಟ್' ಅನ್ನುವುದೂ ರಿಲೇಟಿವ್ ಕ್ಲಾಜೇ ತಾನೆ? ಅದನ್ನು ಯಾಕೆ ಕಲಿಸಬಾರದು?

ಇಲ್ಲಿ ನಮ್ಮವ್ವಂದಿರ ಕನ್ನಡ ಹೆಚ್ಚು ಪ್ರಾಮಾಣಿಕ. ಇಂಗ್ಲಿಷ್ 'ಬಿಲ್ಟ್' ಅಂದು ಸುಮ್ಮನಾಗುವ ಕಡೆ ನಾವು 'ಶಾಲೆ ಕಟ್ಟಿಸಿದ ಸಾಹುಕಾರ' ಅಂತೀವಿ, 'ಶಾಲೆ ಕಟ್ಟಿದ ಕೂಲಿಯವರು' ಅಂತೀವಿ. ಬಾವಿ ತೋಡಿಸಿದವನು ಬೇರೆ, ತೋಡಿದವನು ಬೇರೆ. ನಡುವಿನ ಒಂದು 'ಇಸು' ಸಾಕು, ಯಾರ ಬೆವರು ಅನ್ನೋದು ಗೊತ್ತಾಗುತ್ತದೆ. ಹಾಗಂತ ನಾವು ಬೀಗಬೇಕಿಲ್ಲ. ಇಷ್ಟು ಪ್ರಾಮಾಣಿಕ ಮಾತು ಆಡುವ ಊರಲ್ಲೇ ತೋಡಿದವನಿಗೆ ಆ ಬಾವಿಯ ನೀರು ಮುಟ್ಟಗೊಡಲಿಲ್ಲ.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಸಾವಿರಾರು ಜನ ಹಿಂದೆಯೇ ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಪುರಸಭೆ ಮೊದಲೇ ಠರಾವು ಮಾಡಿತ್ತು. ಅದು ಕಾಗದದಲ್ಲೇ ಇತ್ತು. ಅವತ್ತು ಯಾರೂ ಯಾರಿಗೂ ನೀರು ದಾನ ಕೊಡಲಿಲ್ಲ. 'ದಿ ಪೀಪಲ್ ಹೂ ಡ್ರ್ಯಾಂಕ್ ದ ವಾಟರ್.' ಇಲ್ಲಿ 'ಹೂಮ್' ಆಗಿದ್ದವರು 'ಹೂ' ಆದರು. ಹಕ್ಕಿನ ವ್ಯಾಕರಣ ಇಷ್ಟೇ.

ಹಳ್ಳಿ ಶಾಲೆಗಳ ಗೆಳೆಯರೇ, ಇಂಗ್ಲಿಷ್ ಬೇಡ ಅನ್ನಬೇಡಿ. ಅದನ್ನು ಬೇಡ ಅಂದವರ ಮಕ್ಕಳು ಅದನ್ನೇ ಓದಿ ಮೇಲೆ ಕೂತಿದ್ದಾರೆ. ಪಾಠ ಮಾಡಿ. ದಾನದ ಪ್ರತಿ ವಾಕ್ಯ ಮುಗಿದ ಮೇಲೆ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು, ಇಸಕೊಂಡವರನ್ನೇ ಕರ್ತೃ ಮಾಡಿ ಇನ್ನೊಂದು ವಾಕ್ಯ ಬರೆಸಿ. ವ್ಯಾಕರಣ ತಪ್ಪಾದರೆ ತಿದ್ದಿ. ಪ್ರಶ್ನೆಯನ್ನು ಮಾತ್ರ ಅಳಿಸಬೇಡಿ.