ಬರೆದಿಟ್ಟದ್ದಷ್ಟೇ ಅರಿವೇ?

ಅರಿಸಿನದ ಪೇಟೆಂಟಿನ ಕಥೆ ಯಾರಿಗೂ ಹೊಸದಲ್ಲ. ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಹೊಗಳುವವರು ಅಲ್ಲಿಂದಲೇ ಶುರುಮಾಡುತ್ತಾರೆ, ಆ ಗೆಲುವು ಗ್ರಂಥಾಲಯದ್ದೇ ಎಂಬಂತೆ. ಅಮೆರಿಕದಲ್ಲಿ ಆ ಪೇಟೆಂಟ್ ರದ್ದಾದದ್ದು 1997ರಲ್ಲಿ, ಯುರೋಪಿನಲ್ಲಿ ಬೇವಿನದು 2000ದಲ್ಲಿ. ಹಳೆಯ ಗ್ರಂಥಗಳ ಅರಿವನ್ನು ಪೇಟೆಂಟ್ ಪರೀಕ್ಷಕರ ಮುಂದಿಡುವ ಈ ಗ್ರಂಥಾಲಯ ಹುಟ್ಟಿದ್ದು 2001ರಲ್ಲಿ. ಆಮೇಲೆ ಅದು ಹಲವು ಪೇಟೆಂಟ್ ಅರ್ಜಿಗಳನ್ನು ತಡೆದದ್ದು ನಿಜ. ಆದರೂ ಅದಕ್ಕೆ ಸಂದ ಕೀರ್ತಿ ಅದರ ಕೆಲಸಕ್ಕಿಂತ ದೊಡ್ಡದು.

ಬೇವಿನ ವಿಚಾರಣೆಯನ್ನೇ ನೋಡಿ. 2000ದಲ್ಲಿ ಮ್ಯೂನಿಕ್‌ನಲ್ಲಿ ತೂಕ ಪಡೆದದ್ದು ಹಳೆಯ ಶ್ಲೋಕವಲ್ಲ. ಪೇಟೆಂಟಿಗೆ ಮೊದಲೇ ಬೇವಿನ ಸಾರ ತೆಗೆಯುತ್ತಿದ್ದ ಭಾರತೀಯ ತಯಾರಕರೊಬ್ಬರ ಸಾಕ್ಷ್ಯ. ಮಾಡಿದವರೇ ಬಂದು ಹೇಳಿದಾಗ ಯುರೋಪ್ ಕೇಳಿತು. ಹೊರದೇಶದ ಬಳಕೆಗೆ ಅಚ್ಚಾದ ಪುರಾವೆಯೇ ಬೇಕೆಂದದ್ದು ಅಮೆರಿಕದ ಆಗಿನ ಕಾನೂನು. 2013ರಲ್ಲಿ ಅದೂ ಬದಲಾಯಿತು. ನಮ್ಮ ಗ್ರಂಥಾಲಯ ಕಟ್ಟಿದ್ದು ಮಾತ್ರ ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳು ಗ್ರಂಥಗಳ ಮೇಲೆ. ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂಥ ವಿಷವೈದ್ಯದ ಕೃತಿಯಿರುವ ಕನ್ನಡವೇ ಆ ಪಟ್ಟಿಯಲ್ಲಿಲ್ಲ, ತನ್ನದೇ ಲಿಪಿಯಿಲ್ಲದ ಸೋಲಿಗರ ನುಡಿಯ ಪಾಡೇನು?

ಗ್ರಂಥಾಲಯವನ್ನು ಟೀಕಿಸುವವರ ಜೊತೆಗೂ ನನಗೆ ಜಗಳವಿದೆ. ಎಲ್ಲವನ್ನೂ ಒಂದೆಡೆ ಸೇರಿಸಿಟ್ಟರೆ ಕಳ್ಳರಿಗೆ ನಾವೇ ದಾರಿ ತೋರಿದಂತೆ ಎನ್ನುತ್ತಾರೆ ಅವರು. ಅವರ ಕಣ್ಣೂ ಸಮುದ್ರದಾಚೆಗೇ ನೆಟ್ಟಿದೆ. ದೇಶದೊಳಗಿನ ಕಂಪನಿಯೂ ಸ್ಥಳೀಯ ಸಮುದಾಯಕ್ಕೆ ಲಾಭದ ಪಾಲು ಕೊಡಬೇಕೆಂದು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಹೇಳಿತ್ತು. ಆದರೆ ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ‘ಕ್ರೋಡೀಕೃತ’ ಜ್ಞಾನಕ್ಕೆ ವಿನಾಯಿತಿ ಕೊಟ್ಟಿತು. ಅದನ್ನು ಬಳಸುವ ದೇಶೀ ಕಂಪನಿ ಈಗ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕಿಲ್ಲ. ಕ್ರೋಡೀಕೃತವೆಂದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಗ್ರಂಥಗಳಿಂದ ಬಂದದ್ದು. ಗ್ರಂಥಾಲಯಕ್ಕೆ ಅಡಿಪಾಯವಾದ ಅಳತೆಗೋಲೇ ಇಲ್ಲಿ ವಿನಾಯಿತಿಯ ಅಳತೆಗೋಲಾಯಿತು. ಈ ಒಂದು ಪದದ ಬಗ್ಗೆ ಹೊಗಳುವವರೂ ಟೀಕಿಸುವವರೂ ಯಾಕೆ ಇಷ್ಟು ಮೌನ?

ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವ ಅಜ್ಜಿಯೊಬ್ಬರಿದ್ದಾರೆ. ಗಿಡವೇನೋ ಗ್ರಂಥದಲ್ಲಿದೆ. ಮಗುವಿಗೆಷ್ಟು, ಬಸುರಿಗೆ ಯಾಕೆ ಕೂಡದು, ಎಷ್ಟು ದಿನ ಎಣ್ಣೆ-ಖಾರ ಬಿಡಬೇಕು, ಕಣ್ಣಿನ ಹಳದಿ ಎಷ್ಟಾದರೆ “ನನ್ ಹತ್ರ ಆಗಲ್ಲ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ” ಅನ್ನಬೇಕು ಎಂಬುದೆಲ್ಲ ಅವರಲ್ಲಿದೆ. ಗಿಡ ಗ್ರಂಥದಲ್ಲಿದೆ ಎಂದು ಕಂಪನಿ ಅವರನ್ನು ಕೇಳಬೇಕಿಲ್ಲ. ಉಳಿದದ್ದು ಗ್ರಂಥದಲ್ಲಿಲ್ಲವೆಂದು ಗ್ರಂಥಾಲಯ ಕಾಯುವುದಿಲ್ಲ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಅವರ ಹೆಸರಿನಲ್ಲೇ ಇದನ್ನು ಬರೆದುಕೊಂಡು, ಆ ದಾಖಲೆಗೂ ಚರಕಸಂಹಿತೆಗಿರುವ ಬೆಲೆಯನ್ನೇ ಪೇಟೆಂಟ್ ಪರೀಕ್ಷಕರ ಮುಂದೆ ಕೊಡಿಸಬೇಕಿತ್ತು.